ಸೂಜಿಗೆ ಕಟ್ಟಿದ ಕುಕ್ಕೆ

ಕರಿಯಕ್ಕನಿಗೆ ಗೇಣು ಭೂಮಿಯೂ ಇರಲಿಲ್ಲ. ಕುರಿ ಇದ್ದವು, ಸೂಜಿ ಎಂಬ ಹೆಣ್ಣುನಾಯಿ ಇತ್ತು, ಗಂಗಣ್ಣ ಎಂಬ ಮೈದುನ ಇದ್ದ. ಗಂಡ ಸತ್ತ ಮೇಲೆ ಈ ಮೂರನ್ನೂ ಸಾಕುವ ಕೆಲಸ ಅವಳ ತಲೆಗೆ ಬಂದಿತ್ತು. ಮೂರರಲ್ಲಿ ಹೇಳಿದ ಮಾತು ಕೇಳುತ್ತಿದ್ದದ್ದು ನಾಯಿ ಮಾತ್ರ.

ಭೂಮಿ ಇಲ್ಲದವರ ಕುರಿ ಬೇಸಿಗೆ ದಾಟಬೇಕಾದರೆ ಕೆರೆಯಂಗಳ ಬೇಕು. ಪುರವರದಿಂದ ಆಚೆ, ಅವರ ಹಟ್ಟಿಗೂ ಕೋಟೆ ಬುಡದ ಊರಿಗೂ ನಡುವೆ ಒಂದು ಕೆರೆ. ಶಿವರಾತ್ರಿ ಕಳೆಯುವಷ್ಟರಲ್ಲಿ ನೀರು ತೂಬಿನ ಹತ್ತಿರದ ಒಂದು ಗುಂಡಿಗೆ ಇಳಿದಿರುತ್ತಿತ್ತು. ಉಳಿದ ಅಂಗಳವೆಲ್ಲ ಹುಲ್ಲು, ಮೂಡಣ ಮೂಲೆಯಲ್ಲಿ ಕರಿಜಾಲಿ ಮರಗಳು. ಯುಗಾದಿ ಹೊತ್ತಿಗೆ ಜಾಲಿಕಾಯಿ ಒಣಗಿ ಉದುರುತ್ತಿತ್ತು. ಕಾಯಿ ತಿಂದ ತಾಯಿಕುರಿಗೆ ಹಾಲು, ಹಾಲಿದ್ದರೆ ಮರಿ ಉಳಿಯುತ್ತದೆ. ಕಾಯಿ ಸಿಗದ ವರ್ಷ ಮರಿಗಳು ತಾಯಿಯ ಹೊಟ್ಟೆಗೆ ತಲೆ ಗುದ್ದಿ ಗುದ್ದಿ ಸುಸ್ತಾಗಿ ಮಲಗಿಬಿಡುತ್ತಿದ್ದವು.

ಆ ಕೆರೆಯಂಗಳ ಯಾರದು ಎಂಬುದನ್ನು ವರ್ಷಕ್ಕೊಂದು ಸಲ ಮೊಲಗಳು ತೀರ್ಮಾನ ಮಾಡುತ್ತಿದ್ದವು.

ಯುಗಾದಿಯ ಮಾರನೆಯ ದಿನ, ಹೊಸತೊಡಕಿಗೆ, ಹಟ್ಟಿಯ ಗಂಡಸರು ಒಂದು ಕಡೆಯಿಂದ, ಕೋಟೆಯವರು ಇನ್ನೊಂದು ಕಡೆಯಿಂದ ಗುಡ್ಡ ಹತ್ತುತ್ತಿದ್ದರು. ಕೈಯಲ್ಲಿ ದೊಣ್ಣೆ, ಜೊತೆಗೆ ನಾಯಿ. ಬಂದೂಕು ಕೂಡದು, ಬಲೆ ಕೂಡದು. ಹೊತ್ತು ನೆತ್ತಿಗೆ ಬಂದಾಗ ಎರಡೂ ಕಡೆಯವರು ಇಳಿದು ಬಂದು, ಕೆರೆ ಏರಿಯ ಮೇಲಿನ ಚಪ್ಪಡಿಯಲ್ಲಿ ತಾವು ಕೊಂದ ಮೊಲಗಳನ್ನು ಸಾಲಾಗಿ ಮಲಗಿಸುತ್ತಿದ್ದರು. ಯಾರ ಸಾಲು ಉದ್ದವೋ, ಕೆರೆಗೆ ಹೊಸನೀರು ಬರುವ ತನಕ ಅಂಗಳ ಅವರದು. ಸೋತವರ ದನ ಕುರಿ ಬಂದು ನೀರು ಕುಡಿದು ಹೋಗಬಹುದು, ಹುಲ್ಲಿಗೆ ಬಾಯಿ ಹಾಕುವ ಹಾಗಿಲ್ಲ. ಈ ಕಟ್ಟಳೆ ಯಾರು ಮಾಡಿದರು, ಯಾವಾಗ ಮಾಡಿದರು, ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟು: ಅದು ಇದ್ದದ್ದರಿಂದ ಕೆರೆಗಾಗಿ ಎರಡೂ ಊರಿನವರು ಒಬ್ಬರ ತಲೆ ಒಬ್ಬರು ಒಡೆದುಕೊಂಡದ್ದಿಲ್ಲ.

ಗುಡ್ಡದಲ್ಲಿ ಮೊಲಗಳ ಪಾಡು ಏನಾಗುತ್ತಿತ್ತು ಎಂಬುದು ಬೇರೆ ಮಾತು. ಮರಿಮೊಲವೂ ಲೆಕ್ಕಕ್ಕೆ ಬರುತ್ತಿತ್ತು. ಒಂದು ವರ್ಷ ಕೋಟೆಯವರು ಬಸುರಿ ಮೊಲದ ಹೊಟ್ಟೆ ಸೀಳಿ, ಒಳಗಿದ್ದವನ್ನೂ ಸಾಲಿನಲ್ಲಿಟ್ಟು ಲೆಕ್ಕಕ್ಕೆ ಸೇರಿಸಿ ಎಂದು ವಾದ ಹೂಡಿದ್ದರು. ಆವತ್ತು ಕರಿಯಕ್ಕ ಏರಿಯ ಮೇಲೆ ನಿಂತು ಅದನ್ನು ನೋಡಿದ್ದಳು. ನೋಡಿ, ಅವುಗಳನ್ನು ಬಿಟ್ಟು ಎಣಿಸಿದರೂ ಕೋಟೆಯವರೇ ಗೆದ್ದರಲ್ಲ ಎಂದು ಅತ್ತಿದ್ದಳು.

ಸೂಜಿ ದೊಡ್ಡದಾದ ಮೇಲೆ ಹಟ್ಟಿಯವರು ಸೋತಿರಲಿಲ್ಲ. ತೆಳ್ಳಗಿನ ಸೊಂಟ, ಉದ್ದ ಮೂತಿ, ಮುಳ್ಳಿನ ಪೊದೆಯಲ್ಲಿ ದಾರದಂತೆ ನುಗ್ಗುವ ಮೈ. ಗೆದ್ದ ಕಡೆಯ ನಾಯಿಯ ಹಣೆಗೆ ಸೋತ ಊರಿನ ಯಜಮಾನ ಕುಂಕುಮ ಇಡಬೇಕು. ಕೋಟೆಯ ಯಜಮಾನ ಓಬಳಯ್ಯ ಹಿಂದಿನ ವರ್ಷ ಕುಂಕುಮ ಇಡುತ್ತ, "ಈ ಮುಂಡೇದನ್ನ ನಮ್ಮೂರಿಗೆ ಸೊಸೆ ಮಾಡ್ಕಂಡು ಬುಡ್ತೀನಿ ಕಣವ್ವ, ಏನು ತೆರ ಕೇಳ್ತೀಯ ಕೇಳು" ಅಂದಿದ್ದ.

"ನಿಮ್ಮೂರ ಗಂಡುನಾಯಿಗಳು ಓಡೋದು ನೋಡಿ ಅದಕ್ಕೇ ನಗು ಬತ್ತದಂತೆ, ಯಜಮಾನ್ರೆ" ಎಂದು ಕರಿಯಕ್ಕ ಹೇಳಿದ್ದಳು.

ಎಪ್ಪತ್ತಾರನೇ ಇಸವಿಯ ಯುಗಾದಿ ಹತ್ತಿರ ಬಂದಾಗ ಫಾರೆಸ್ಟ್ ಗಾರ್ಡ್ ಪರ್ವತಯ್ಯ ಸೈಕಲ್ ತಳ್ಳಿಕೊಂಡು ಬಂದ. ಖಾಕಿ ಅಂಗಿ ಕಂಡರೆ ಗಂಡಸರು ಹಿತ್ತಲು ಹಾರಿ ಓಡುತ್ತಿದ್ದ ಕಾಲ ಅದು. ಮಕ್ಕಳಾಗದ ಆಪರೇಷನ್ ಮಾಡಿಸಲು ಹಿಡಿದುಕೊಂಡು ಹೋಗುತ್ತಾರೆಂಬ ಸುದ್ದಿ ಸಿರಾದಿಂದ ಪಾವಗಡದ ತನಕ ಹರಡಿತ್ತು. ಹಟ್ಟಿಯ ಹಿರಿಯ ಕ್ಯಾತಣ್ಣ ಮಾತ್ರ, ವಯಸ್ಸಾಗಿದ್ದರಿಂದ ಹೆದರಿಕೆಯಿಲ್ಲದೆ, ಬೇವಿನ ಮರದ ಕೆಳಗೆ ಕೂತಿದ್ದ. ಬಂದವನು ಆಪರೇಷನ್ನಿನವನಲ್ಲ ಎಂದು ಗೊತ್ತಾದ ಮೇಲೆ ಉಳಿದವರು ಒಬ್ಬೊಬ್ಬರಾಗಿ ಬಂದರು. ಕೋಟೆಯಿಂದ ಓಬಳಯ್ಯನೂ ಬಂದ, ಅವನ ಹಿಂದೆ ಕದರಪ್ಪನೂ ಬಂದ. ಕದರಪ್ಪ ಏಳನೇ ಕ್ಲಾಸಿನ ತನಕ ಓದಿ, ಕೊರಟಗೆರೆಯ ಹೋಟೆಲಿನಲ್ಲಿ ಪೇಪರ್ ಓದಿಕೊಂಡು ಬರುತ್ತಿದ್ದವನು. ಕಾನೂನಿನ ಮಾತು ಬಂದರೆ ಎರಡೂ ಊರಿಗೆ ಅವನೇ ವಕೀಲ.

"ಕಾಯ್ದೆ ಬಂದಿದೆ" ಎಂದ ಪರ್ವತಯ್ಯ. "ಕಾಡುಪ್ರಾಣಿ ಕೊಲ್ಲಂಗಿಲ್ಲ. ಅದ್ರಲ್ಲೂ ಊರೂರು ಪಂದ್ಯ ಕಟ್ಕಂಡು ಕೊಲ್ಲೋದು ಸುತರಾಂ ಇಲ್ಲ. ಈ ಸಲ ಹೊಸತೊಡಕು ಬೇಟೆ ಬಂದ್."

"ಮೊಲ ಕಾಡುಪ್ರಾಣಿಯಾ? ಅದು ನಮ್ಮ ಹುರುಳಿ ಹೊಲದಲ್ಲೇ ಇರ್ತದಲ್ಲ ಸ್ವಾಮಿ" ಎಂದ ಕ್ಯಾತಣ್ಣ.

"ಎಲ್ಲಿದ್ರೂ ಕಾಡುಪ್ರಾಣೀನೇ. ಸರಕಾರದ್ದು."

"ಸರಕಾರದ ಮೊಲ ನನ್ನ ಹುರುಳಿ ತಿಂದ್ರೆ?"

"ಅರ್ಜಿ ಕೊಡಿ."

"ಯಾರಿಗೆ? ಮೊಲಕ್ಕಾ?"

ಜನ ನಕ್ಕರು. ಪರ್ವತಯ್ಯನೂ ಅರ್ಧ ನಕ್ಕು, ನಗಬಾರದೆಂದು ನೆನಪಾಗಿ ಮುಖ ಗಂಟಿಕ್ಕಿಕೊಂಡ. ಕದರಪ್ಪ ಗಂಟಲು ಸರಿಮಾಡಿಕೊಂಡು, "ಲೈಸೆನ್ಸ್ ತಗಂಡು ಹೊಡೀಬಹುದಂತಲ್ಲ ಸ್ವಾಮಿ, ಪೇಪರಲ್ಲಿತ್ತು" ಎಂದ.

"ಅದು ಬಂದೂಕು ಇರೋರಿಗೆ."

"ನಮ್ಮ ತಾವ ಬಂದೂಕಿಲ್ಲ."

"ಅದಕ್ಕೇ ನಿಮಗೆ ಲೈಸೆನ್ಸೂ ಇಲ್ಲ."

ಹೆಂಗಸರ ಗುಂಪಿನಲ್ಲಿ ನಿಂತಿದ್ದ ಕರಿಯಕ್ಕ ಸೆರಗು ಸರಿಮಾಡಿಕೊಂಡು ಕೇಳಿದಳು: "ಅದೆಲ್ಲ ಅಂಗಿರ್ಲಿ ಸ್ವಾಮಿ. ಬೇಟೆ ಇಲ್ದಿದ್ರೆ ಕೆರೆ ಯಾರ್ದು?"

"ಯಾವ ಕೆರೆ?"

ಅವಳು ಹೇಳಿದಳು. ಪರ್ವತಯ್ಯ ತಲೆ ಕೆರೆದುಕೊಂಡ. "ಕೆರೆ ನನಗೆ ಸೇರಲ್ಲ ಕಣಮ್ಮ. ಅದು ಬೇರೆ ಇಲಾಖೆ. ನಂದು ಮೊಲ ಮಾತ್ರ." ಹಾಗೆಂದು ಸೈಕಲ್ ಹತ್ತಿ ಹೋದ.

ಆ ಸಂಜೆ ಎರಡೂ ಊರಿನವರು ಕೆರೆ ಏರಿಯ ಮೇಲೆ ಕೂತರು. ಚೀಟಿ ಎತ್ತೋಣ ಎಂದ ಕ್ಯಾತಣ್ಣ. "ಚೀಟಿ ಎತ್ತೋಕೆ ಗಂಡಸು ಯಾಕೆ, ಕಾಲು ಯಾಕೆ? ಸೋತೋನು ಒಪ್ತಾನಾ?" ಎಂದ ಓಬಳಯ್ಯ. ಅಂಗಳವನ್ನು ಎರಡು ಪಾಲು ಮಾಡೋಣ ಎಂದರೆ ಜಾಲಿಮರಗಳೆಲ್ಲ ಒಂದೇ ಮೂಲೆಯಲ್ಲಿದ್ದವು. ಮರವಿಲ್ಲದ ಪಾಲು ಯಾರಿಗೂ ಬೇಡ. ಹೋದ ವರ್ಷ ಗೆದ್ದವರೇ ಇಟ್ಟುಕೊಳ್ಳಲಿ ಎಂದು ಗಂಗಣ್ಣ ಬಾಯಿ ಹಾಕಿದಾಗ ಕೋಟೆಯ ಹುಡುಗರು ಎದ್ದು ನಿಂತರು. ಕರಿಯಕ್ಕ ಮೈದುನನ ಪಂಚೆ ಹಿಡಿದು ಎಳೆದು ಕೂರಿಸಿದಳು. ಮೊಲ ಇಲ್ಲದೆ ಮಾತಿಗೆ ಕೂತದ್ದು ಅವರಿಗೆ ಅದೇ ಮೊದಲು. ಎಲ್ಲಿಂದ ಶುರು ಮಾಡಿ ಎಲ್ಲಿ ನಿಲ್ಲಿಸಬೇಕೆಂದು ಯಾರಿಗೂ ತಿಳಿಯಲಿಲ್ಲ.

ಕೊನೆಗೆ ಕದರಪ್ಪ ಬೆರಳೆತ್ತಿದ. "ಗಾರ್ಡು ಏನಂದ? ಕೊಲ್ಲಂಗಿಲ್ಲ ಅಂದ. ಹಿಡೀಬ್ಯಾಡಿ ಅಂದ್ನಾ?"

ಯಾರೂ ಅಂಥ ಮಾತು ಕೇಳಿಸಿಕೊಂಡಿರಲಿಲ್ಲ.

"ಅಂಗಾರೆ ಜೀವಂತ ಹಿಡಿಯಾನ. ಮಂಕರೀಲಿ ಹಾಕಿ ತಂದು ಇಲ್ಲಿ ಎಣಿಸಾನ, ಆಮೇಲೆ ಬುಟ್ಬುಡಾನ. ಸತ್ತದ್ದು ಲೆಕ್ಕಕ್ಕಿಲ್ಲ. ಕಾನೂನೂ ಉಳೀತು, ಕೆರೇನೂ ತೀರ್ಮಾನ ಆಯ್ತು."

"ನಾಯಿಗೆ ನಿನ್ನ ಕಾನೂನು ಯಾರಪ್ಪ ಹೇಳೋರು? ಅದು ಕಚ್ಚೇ ಕಚ್ತದೆ" ಎಂದ ಓಬಳಯ್ಯ.

ಆಗ ಕರಿಯಕ್ಕ ಹೇಳಿದಳು: "ಎತ್ತಿಗೆ ಕಟ್ಟಲ್ವಾ, ಅಂಗೇ ಕುಕ್ಕೆ ಕಟ್ಟಾನ."

ಕಣದಲ್ಲಿ ರಾಗಿ ತುಳಿಯುವಾಗ ಎತ್ತು ತೆನೆಗೆ ಬಾಯಿ ಹಾಕದಂತೆ ಮೂತಿಗೆ ಕಟ್ಟುವ ನಾರಿನ ಚೀಲಕ್ಕೆ ಕುಕ್ಕೆ ಅನ್ನುತ್ತಾರೆ. ನಾಯಿಗೆ ಕುಕ್ಕೆ ಕಟ್ಟಿದ್ದನ್ನು ಯಾರೂ ನೋಡಿರಲಿಲ್ಲ. ಕುಕ್ಕೆ ಕಟ್ಟಿದ ನಾಯಿ ಓಡಬಹುದು, ಮೊಲವನ್ನು ಕಾಲಲ್ಲಿ ಒತ್ತಿ ಹಿಡಿಯಬಹುದು, ಕೊಲ್ಲಲಾರದು. ಎಲ್ಲರೂ ಕರಿಯಕ್ಕನ ಕಡೆ ನೋಡಿದರು. ಓಬಳಯ್ಯನೂ ತಲೆದೂಗಿದ. ತನ್ನ ಮಾತಿಗೆ ಎರಡು ಊರು ತಲೆದೂಗಿದ್ದು ಕರಿಯಕ್ಕನಿಗೆ ಹೊಸದು.

ಮಾರನೆಯ ದಿನ ಅವಳು ಕತ್ತಾಳೆ ನಾರು ನೆನೆಸಿ, ಬಡಿದು, ಹೊಸೆದು, ಸೂಜಿಯ ಮೂತಿಯ ಅಳತೆಗೆ ಕುಕ್ಕೆ ಹೆಣೆದಳು. ಮೊದಲ ಸಲ ಕಟ್ಟಿದಾಗ ಸೂಜಿ ಮುಂಗಾಲಲ್ಲಿ ಕೆರೆದು ಕಿತ್ತುಹಾಕಿತು. ಎರಡನೆಯದನ್ನು ಅವಳು ಬಿಗಿಯಾಗಿ ಹೆಣೆದು, ಕಿವಿಯ ಹಿಂದೆ ದಾರ ತಂದು, ಕುರಿಗೂಟಕ್ಕೆ ಹಾಕುವ ಗಂಟನ್ನೇ ಹಾಕಿದಳು. ಅದು ಎಳೆದಷ್ಟೂ ಕಚ್ಚಿಕೊಳ್ಳುವ ಗಂಟು. ಸೂಜಿ ನೆಲಕ್ಕೆ ಮೂತಿ ಉಜ್ಜಿ, ಗಿರಗಿರನೆ ಸುತ್ತಿ, ಕೊನೆಗೆ ಅವಳ ಮುಂದೆ ಕೂತು ಅವಳನ್ನೇ ನೋಡಿತು.

"ಒಂದು ಹೊತ್ತು ತಡ್ಕ" ಎಂದಳು ಕರಿಯಕ್ಕ. "ಮಧ್ಯಾಹ್ನಕ್ಕೆ ಬಿಚ್ಬುಡ್ತೀನಿ."

ಹೊಸತೊಡಕಿನ ದಿನ ಗಂಡಸರು ಗುಡ್ಡ ಹತ್ತಿದರು. ಏರಿಯ ಮೇಲೆ ಎರಡು ಮಂಕರಿ ಬುಟ್ಟಿ ಇಟ್ಟು, ಕಂಬಳಿ ಮುಚ್ಚಿ, ಕಾವಲಿಗೆ ಕೋಟೆಯ ಕಡೆಯಿಂದ ಓಬಳಯ್ಯನನ್ನೂ ಹಟ್ಟಿಯ ಕಡೆಯಿಂದ ಕರಿಯಕ್ಕನನ್ನೂ ಕೂರಿಸಿದ್ದರು. ಮೇಲಿನಿಂದ ಕೂಗಾಟ ಕೇಳುತ್ತಿತ್ತು, ನಾಯಿ ಬೊಗಳುವುದು ಕೇಳುತ್ತಿರಲಿಲ್ಲ. ಬಾಯಿ ಬಿಗಿದ ನಾಯಿಗಳು ಮೂಗಿನಲ್ಲಿ ಕುಂಯ್ ಎನ್ನುತ್ತಿದ್ದವು. ಬೊಗಳದ ಬೇಟೆ ಹೆಣದ ಮನೆಯ ಥರ ಇತ್ತು.

ಆದರೂ ಗಂಗಣ್ಣ ಒಂದು ಮೊಲವನ್ನು ಎದೆಗವಚಿಕೊಂಡು ಓಡಿ ಬಂದ. "ಸೂಜಿ ಹಿಡೀತು ಕಣತ್ಗೆ! ಕಾಲಲ್ಲಿ ಒತ್ಕಂಡು ನಾನು ಬರೋಗಂಟ ನಿಂತಿತ್ತು. ಕೋಟೆಯೋರ ನಾಯಿಗಳು ಕುಕ್ಕೆ ಕೀಳ್ತಾ ಕೂತವೆ!" ಅವನ ಅಂಗಿಯೆಲ್ಲ ಮೊಲ ಪರಚಿ ಹರಿದಿತ್ತು. ಮೊಲವನ್ನು ಮಂಕರಿಗೆ ಹಾಕಿ ಮತ್ತೆ ಓಡಿದ. ಹೊತ್ತು ಏರುವಷ್ಟರಲ್ಲಿ ಹಟ್ಟಿಯ ಮಂಕರಿಗೆ ಮೂರು ಬಂದವು, ಕೋಟೆಯ ಮಂಕರಿಗೆ ಎರಡು. ಗಂಡಸರು ಬೆವರು ಒರೆಸಿಕೊಂಡು, ಕುಕ್ಕೆ ಕಟ್ಟಿದ ನಾಯಿಗಳನ್ನು ಹಗ್ಗದಲ್ಲಿ ಹಿಡಿದುಕೊಂಡು ಏರಿಯ ಮೇಲೆ ನೆರೆದರು. ಕರಿಯಕ್ಕನಿಗೆ ಆಗಲೇ ಜಾಲಿಕಾಯಿ ಕಡಿಯುವ ಕುರಿಗಳ ಸದ್ದು ಕಿವಿಯಲ್ಲಿತ್ತು.

ಓಬಳಯ್ಯ ತನ್ನ ಮಂಕರಿಯ ಕಂಬಳಿ ಎತ್ತಿದ. ಎರಡೂ ಮೊಲ ಕಾಲು ಚಾಚಿ ಮಲಗಿದ್ದವು. ಮುಟ್ಟಿ ನೋಡಿದ. ಸತ್ತಿದ್ದವು. ಮೈಮೇಲೆ ಹಲ್ಲಿನ ಗುರುತಿಲ್ಲ, ರಕ್ತವಿಲ್ಲ.

"ಏನಾಯ್ತು ಇವಕ್ಕೆ?"

"ಹೆದರಿ ಸತ್ತವೆ" ಎಂದ ಕ್ಯಾತಣ್ಣ ನಿಧಾನವಾಗಿ. "ಮೊಲದ ಗುಂಡಿಗೆ ಸಣ್ಣದು."

ಕರಿಯಕ್ಕ ಅವಸರವಾಗಿ ತಮ್ಮ ಮಂಕರಿ ತೆಗೆದಳು. ಎರಡು ಸತ್ತಿದ್ದವು. ಒಂದು ಮೂಲೆಯಲ್ಲಿ ಮುದುರಿ ಕೂತು, ಇಡೀ ಮೈಯಿಂದ ಉಸಿರಾಡುತ್ತಿತ್ತು. ಒಂದು ಸಾಕು. ಸೊನ್ನೆಗೆ ಒಂದು. "ಐತೆ! ನಮ್ದು ಒಂದು ಐತೆ!" ಎಂದು ಅವಳು ಕೂಗಿದಳು.

ಅಷ್ಟರಲ್ಲಿ ಸೈಕಲ್ ಗಂಟೆ ಕೇಳಿಸಿತು. ಪರ್ವತಯ್ಯ ಏರಿಯ ಮೇಲೆಯೇ ಬರುತ್ತಿದ್ದ.

ಯಾರೂ ಓಡಲಿಲ್ಲ. ತಪ್ಪು ಮಾಡಿದ್ದೇವೆಂದು ಯಾರಿಗೂ ಅನ್ನಿಸಿರಲಿಲ್ಲ. ಕದರಪ್ಪ ಮುಂದೆ ಹೋಗಿ ಕೈಮುಗಿದು, "ನೀವು ಹೇಳ್ದಂಗೇ ಮಾಡಿದೀವಿ ಸ್ವಾಮಿ. ಯಾರೂ ಕೊಂದಿಲ್ಲ" ಎಂದ.

ಪರ್ವತಯ್ಯ ಮಂಕರಿ ನೋಡಿದ. "ಇವು?"

"ಅವೇ ಸತ್ತವೆ."

"ಅವೇ ಬಂದು ಮಂಕರೀಲಿ ಕೂತ್ಕಂಡು ಸತ್ತವಾ?"

"ಜೀವ ಇರೋದೂ ಐತೆ ನೋಡಿ" ಎಂದು ಕರಿಯಕ್ಕ ಬದುಕಿದ್ದ ಮೊಲವನ್ನು ಎತ್ತಿ ಅವನ ಮುಂದೆ ಹಿಡಿದಳು. ಪರ್ವತಯ್ಯ ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡ. ಮೊಲ ಒಂದು ಸಲ ಜೋರಾಗಿ ಒದ್ದು, ಮಗುವಿನಂತೆ ಕಿರುಚಿ, ಅವನ ಕೈಯಲ್ಲಿ ಸಡಿಲವಾಯಿತು. ಅವನು ಅಲುಗಿಸಿ ನೋಡಿದ. ತಲೆ ಜೋತುಬಿತ್ತು.

ಹಿಂದಿನಿಂದ ಕದರಪ್ಪನ ದನಿ ಬಂತು: "ಈ ಒಂದನ್ನ ಕೊಂದಿದ್ದು ಮಾತ್ರ ಗಾರ್ಡು. ಎಲ್ರೂ ನೋಡಿದೀರಪ್ಪ."

ಯಾರೋ ಕಿಸಕ್ಕೆಂದರು. ಕದರಪ್ಪ ಆ ಮಾತು ಆಡದಿದ್ದರೆ ಪರ್ವತಯ್ಯ ಬೈದು ಹೋಗಿಬಿಡುತ್ತಿದ್ದನೇನೋ. ಅವನ ಮುಖ ಕಪ್ಪಿಟ್ಟಿತು. ಮೊಲವನ್ನು ಮಂಕರಿಗೆ ಎಸೆದ. "ಕುಕ್ಕೆ ಕಟ್ಟಿದೀರಿ ಅಂದ್ರೆ ಕಾಯ್ದೆ ಗೊತ್ತಿದ್ದೇ ಮಾಡಿದೀರಿ. ಗೊತ್ತಿಲ್ದೆ ಮಾಡಿದ್ರೆ ಬುದ್ಧಿ ಹೇಳ್ತಿದ್ದೆ. ಈಗ ಕೇಸ್!" ಎಂದು ಕೂಗಿದ. ಜನ ಹಿಂದೆ ಸರಿದರು. ಹಗ್ಗ ಬಿಟ್ಟ ನಾಯಿಗಳು ಚೆಲ್ಲಾಪಿಲ್ಲಿಯಾಗಿ ಓಡಿದವು. ಸೂಜಿ ಓಡಲಿಲ್ಲ. ಕರಿಯಕ್ಕ ಅಲ್ಲಿ ನಿಂತಿದ್ದಳು, ಅದಕ್ಕೇ ಅದೂ ನಿಂತಿತ್ತು. ಪರ್ವತಯ್ಯನಿಗೆ ಜಪ್ತಿ ಮಾಡಲು ಏನಾದರೂ ಬೇಕಿತ್ತು. ಮಂಕರಿಗಳನ್ನು ಸೈಕಲ್ಲಿನ ಹಿಂದೆ ಕಟ್ಟಿದ. ಸೂಜಿಯ ಹಗ್ಗವನ್ನು ಹ್ಯಾಂಡಲ್ಲಿಗೆ ಕಟ್ಟಿದ.

"ಸ್ವಾಮಿ, ಕುಕ್ಕೆನಾದ್ರೂ ಬಿಚ್ತೀನಿ" ಎಂದಳು ಕರಿಯಕ್ಕ.

"ಮುಟ್ಬೇಡ. ಅದೇ ಸಾಕ್ಷಿ. ನಾಳೆ ನಮ್ಮ ಇಲಾಖೆ ನರ್ಸರಿಗೆ ಬಂದು ಸಾಹೇಬರ ಹತ್ರ ಮಾತಾಡು."

ಸೂಜಿ ಏರಿಯ ತಿರುವಿನ ತನಕ ಹಿಂದೆ ತಿರುಗಿ ನೋಡುತ್ತಲೇ ಹೋಯಿತು.

ಮಧ್ಯಾಹ್ನ ಎರಡೂ ಊರಿನ ಹಿರಿಯರು ಮತ್ತೆ ಕೂತರು. ಬದುಕಿದ್ದ ಮೊಲ ಒಂದು ಇತ್ತು, ಗೆದ್ದವರು ನಾವು ಎಂದರು ಹಟ್ಟಿಯವರು. ಎಣಿಸುವ ಮೊದಲೇ ಸತ್ತಿತು, ಎರಡೂ ಕಡೆ ಸೊನ್ನೆ ಎಂದರು ಕೋಟೆಯವರು. ಅದು ಗಾರ್ಡಿನ ಲೆಕ್ಕಕ್ಕೆ ಹೋಗಬೇಕು, ಕೆರೆ ಗಾರ್ಡಿಗೇ ಬಿಡಿ ಎಂದು ಯಾವನೋ ತಮಾಷೆ ಮಾಡಿದ. ತೀರ್ಮಾನ ಆಗುವ ತನಕ ಯಾರೂ ಅಂಗಳಕ್ಕೆ ಇಳಿಯಬಾರದು ಎಂದಷ್ಟೇ ಮಾತಾಯಿತು. ಜಾಲಿಕಾಯಿ ಉದುರಿ ಬಿದ್ದಿತ್ತು. ಕರಿಯಕ್ಕನ ಕುರಿಗಳು ಏರಿಯ ಮೇಲೆ ಸಾಲಾಗಿ ನಿಂತು ಅದರ ವಾಸನೆ ಕುಡಿದವು.

ಅಂಗಳವಿಲ್ಲದ ಮೇಲೆ ಉಳಿದದ್ದು ಗುಡ್ಡದ ಇಳಿಜಾರು. ಅಲ್ಲಿ ತೋಳ ಇದ್ದವು. ಸೂಜಿ ಇಲ್ಲದೆ ಕರಿಯಕ್ಕ ಆ ಕಡೆಗೆ ಕುರಿ ಹೊಡೆದವಳಲ್ಲ. ಮಾರನೆಯ ದಿನ ಕುರಿ ತಾನೇ ನೋಡಿಕೊಂಡು, ನಾಯಿ ತರಲು ಗಂಗಣ್ಣನನ್ನು ಕಳಿಸಿದಳು. ಅವನು ಬರಿಗೈಲಿ ಬಂದ, ಸಾಹೇಬರು ಊರಲ್ಲಿಲ್ಲವಂತೆ. ಅದರ ಮಾರನೆಯ ದಿನ ಕುರಿಗಳನ್ನು ಅವನಿಗೆ ಒಪ್ಪಿಸಿ, "ಕಣ್ಣು ಮುಚ್ಚಬ್ಯಾಡ ಕಣ್ಲಾ" ಎಂದು ಹೇಳಿ, ಬಸ್ಸು ಹಿಡಿದು ತಾನೇ ಹೋದಳು.

ನರ್ಸರಿಯಲ್ಲಿ ಹೊಂಗೆ ಮರದ ಕೆಳಗೆ ಮೇಜು ಹಾಕಿಕೊಂಡು ಸಾಹೇಬರು ಕೂತಿದ್ದರು. ವಯಸ್ಸಿನವರು, ದನಿ ಮೆತ್ತಗಿತ್ತು, ಅವಳಿಗೆ ಕೂರಲು ಹೇಳಿದರು. ಅವಳು ನೆಲದ ಮೇಲೆ ಕೂತಳು.

"ನಾಯಿ ಯಾಕೆ ತಂದ ಅಂತ ನಾನೂ ಪರ್ವತಯ್ಯನ್ನ ಕೇಳಿದೆ" ಎಂದು ಅವರು ಪುಸ್ತಕ ತಿರುವಿದರು. "ಜಪ್ತಿ ಮಾಡಬಹುದಾದ್ದು ಇದರಲ್ಲಿದೆ. ಉರುಲು, ಉಪಕರಣ, ವಾಹನ, ಹಡಗು, ಆಯುಧ. ನಾಯಿ ಇಲ್ಲ. ನಾಯಿ ಆಯುಧ ಆಗುತ್ತಾ ಅಂತ ಮೇಲಿನವರನ್ನ ಕೇಳಬೇಕು."

ಹಡಗನ್ನು ಪುರವರದ ಕಡೆ ಯಾರು ತರುತ್ತಾರೆಂದು ಕರಿಯಕ್ಕನಿಗೆ ತಿಳಿಯಲಿಲ್ಲ.

"ನೋಡಮ್ಮ" ಎಂದರು ಅವರು, "ಊಟಕ್ಕೆ ಒಂದು ಹೊಡೆದರೆ ಅದಕ್ಕೊಂದು ಅಳತೆ ಇರುತ್ತೆ, ಹೊಟ್ಟೆ ತುಂಬಿದರೆ ಸಾಕು. ಪಂದ್ಯಕ್ಕೆ ಅಳತೆ ಇಲ್ಲ. ಎದುರಿನವನಿಗಿಂತ ಒಂದು ಹೆಚ್ಚು ಬೇಕು, ಅವನಿಗೆ ಇನ್ನೊಂದು ಹೆಚ್ಚು ಬೇಕು. ಹೀಗೇ ಆದರೆ ಆ ಗುಡ್ಡದಲ್ಲಿ ಏನು ಉಳಿಯುತ್ತೆ?"

ಚಪ್ಪಡಿಯ ಮೇಲೆ ಸಾಲಾಗಿಟ್ಟಿದ್ದ, ಇನ್ನೂ ಕೂದಲು ಮೂಡದ ಮೊಲದ ಮರಿಗಳು ಕರಿಯಕ್ಕನ ಕಣ್ಣಿಗೆ ಬಂದವು. ಈ ಮನುಷ್ಯ ಹೇಳುವುದು ನಿಜ ಅನ್ನಿಸಿತು. ನಿಜವಾದ ಮಾತು ಕೇಳಿಯೂ ತನ್ನ ಕುರಿಗಳ ಹೊಟ್ಟೆ ಯಾಕೆ ಖಾಲಿ ಇದೆ ಎಂಬುದು ಅರ್ಥವಾಗಲಿಲ್ಲ.

"ನೀವು ಯೋಳೋದು ಸರಿ ಸ್ವಾಮಿ. ಆದ್ರೆ ಕೆರೆ ಯಾರ್ದು?"

"ಯಾವ ಕೆರೆ?" ಎಂದರು ಸಾಹೇಬರು.

ಅವಳು ಮತ್ತೆ ಮೊದಲಿನಿಂದ ಹೇಳಿದಳು. ಅವರು ಪೂರ್ತಿ ಕೇಳಿದರು, ಮಧ್ಯೆ ಬಾಯಿ ಹಾಕಲಿಲ್ಲ. ಕೇಳಿ ಮುಗಿಸಿ, ಕನ್ನಡಕ ತೆಗೆದು ಒರೆಸಿಕೊಂಡು, "ಇದು ನನಗೆ ಗೊತ್ತಿರಲಿಲ್ಲ" ಎಂದರು. "ನಾಯಿ ಕರ್ಕೊಂಡು ಹೋಗಿ. ಹಿಂದುಗಡೆ ಶೆಡ್ಡಿನಲ್ಲಿದೆ."

ಶೆಡ್ಡಿನ ಕಂಬದಲ್ಲಿ ಹಗ್ಗ ಇತ್ತು. ಹಗ್ಗದ ತುದಿಯ ಕುಣಿಕೆ ಖಾಲಿ ಇತ್ತು. ನೀರಿನ ಬಾಣಲೆ ತುಂಬಿದ್ದು ತುಂಬಿದ ಹಾಗೇ ಇತ್ತು. ಮುದ್ದೆ ಒಣಗಿ ಇರುವೆ ಮುತ್ತಿತ್ತು.

"ಬೆಳಿಗ್ಗೆ ನೋಡ್ದೆ, ಇರ್ಲಿಲ್ಲ" ಎಂದ ಪರ್ವತಯ್ಯ, ಅವಳ ಮುಖ ನೋಡದೆ. "ಬಡಕಲು ನಾಯಿ, ಕುಣಿಕೆಯಿಂದ ತಲೆ ನುಸುಳಿಸ್ಕೊಂಡಿದೆ. ನೀರಿಗೆ ಮೂತಿ ಅದ್ದಿ ಅದ್ದಿ ತೆಗೀತಿತ್ತು ಕಣಮ್ಮ. ಕುಕ್ಕೆ ಬಿಚ್ಚಾಣ ಅಂತ ಹೋದೆ. ನಾರು ನೆಂದು ಗಂಟು ಕಲ್ಲಾಗಿತ್ತು, ಬೆರಳು ತೂರ್ಲಿಲ್ಲ. ಕುಡುಗೋಲು ತಂದ್ರೆ ಗುರ್ ಅಂತು. ಹೆದರಿಕೆ ಆಯ್ತು."

ನಾರು ಹೊಸೆದ ಬೆರಳುಗಳನ್ನು ಕರಿಯಕ್ಕ ಸೆರಗಿನಲ್ಲಿ ಮುಚ್ಚಿಕೊಂಡಳು.

ಬಸ್ಸಿಳಿದು, ಹೊಲದ ಬದುಗಳಲ್ಲಿ "ಸೂಜೀ, ಸೂಜೀ" ಎಂದು ಕರೆಯುತ್ತ ನಡೆದಳು. ಹಟ್ಟಿಯಲ್ಲಿ ಇರಲಿಲ್ಲ. ಗುಡ್ಡದ ಇಳಿಜಾರಿಗೆ ಬಂದಾಗ ಕುರಿಗಳು ಒಂದೇ ಕಡೆ ಗುಡ್ಡೆಯಾಗಿ, ಒಂದರ ಹೊಟ್ಟೆಗೆ ಒಂದು ತಲೆ ತುರುಕಿ ನಿಂತಿದ್ದವು. ಆಚೆ ಸತ್ತ ಕುರಿ, ಮರಿಗಳು ಚೆಲ್ಲಿ ಬಿದ್ದಿದ್ದವು. ಗಂಗಣ್ಣ ಬಂಡೆಯ ಮೇಲೆ ಕೂತಿದ್ದ.

"ತೋಳ ಬಂದ್ವು ಅತ್ಗೆ. ಎರಡು."

"ನೀನೆಲ್ಲಿದ್ದೆ?"

"ಇಲ್ಲೇ. ಬಂಡೆ ನೆರಳಲ್ಲಿ."

"ಮಲಗಿದ್ದೆ ನೀನು."

"ಕಣ್ಣು ಮುಚ್ಚಿದ್ದೆ, ಅಷ್ಟೇ. ಕುರಿ ಕಿರುಚ್ತವೆ ಅಂತ ಎದ್ದೆ. ಕೆಳಗಿಂದ ಇನ್ನೊಂದು ಓಡಿ ಬಂತು. ಮೂತಿ ಬೇರೆ ಥರ ಕಾಣ್ತು. ಮೂರನೇದು ಅಂದ್ಕಂಡು ಕಲ್ಲು ಬೀರ್ದೆ."

"ತಗುಲ್ತಾ?"

"ಗೊತ್ತಿಲ್ಲ. ತಗುಲಿದ್ರೂ ನಿಲ್ಲಲಿಲ್ಲ. ನೆಟ್ಟಗೆ ತೋಳದ ಮ್ಯಾಲೇ ಹೋಯ್ತು. ಆವಾಗ ಗೊತ್ತಾಯ್ತು ನಮ್ದು ಅಂತ."

ಪೊದೆಯ ಆ ಕಡೆ ಸೂಜಿ ಬಿದ್ದಿತ್ತು. ಗಂಟಲ ಹತ್ತಿರ ಹರಿದಿತ್ತು. ಕುಕ್ಕೆ ಮಾತ್ರ ಸ್ವಲ್ಪವೂ ಅಲುಗಿರಲಿಲ್ಲ. ಕರಿಯಕ್ಕ ಗಂಟನ್ನು ಬಿಚ್ಚಲು ನೋಡಿದಳು, ಅವಳಿಗೂ ಬಿಚ್ಚಲಾಗಲಿಲ್ಲ. ಗಂಗಣ್ಣನ ಮಚ್ಚು ಇಸಿದುಕೊಂಡು ಕೊಯ್ದಳು. ಒಳಗೆ ಮೂತಿಯ ಸುತ್ತ ಕೂದಲು ಕಿತ್ತುಹೋಗಿ ಚರ್ಮ ಬೆಳ್ಳಗಾಗಿತ್ತು. ಯಾರನ್ನು ಬೈಯಬೇಕೆಂದು ಅವಳು ಯೋಚಿಸಿದಳು. ಗಾರ್ಡನ್ನು ಬೈಯಬಹುದಿತ್ತು. ಆದರೆ ಅವನು ಬಿಚ್ಚಲು ನೋಡಿದ್ದ. ಕದರಪ್ಪನನ್ನು ಬೈಯಬಹುದಿತ್ತು. ಆದರೆ ಕುಕ್ಕೆ ಅವನದಲ್ಲ. ಗಂಗಣ್ಣ ಎದುರಿಗೇ ಇದ್ದ, ಅವನಿಗೊಂದು ಬಿಟ್ಟಳು. ಅವನು ಸುಮ್ಮನೆ ಹೊಡೆಸಿಕೊಂಡ. ಅದರಿಂದ ಏನೂ ತಿಳಿಯಾಗಲಿಲ್ಲ.

ಮಾರನೆಯ ಬೆಳಿಗ್ಗೆ ಅವಳು ಯಾರನ್ನೂ ಕೇಳದೆ ಕುರಿಗಳನ್ನು ಕೆರೆಯಂಗಳಕ್ಕೆ ಇಳಿಸಿದಳು. ಕುರಿಗಳು ಜಾಲಿಮರದ ಕೆಳಗೆ ನುಗ್ಗಿದವು. ಓಬಳಯ್ಯ ಏರಿಯ ಮೇಲೆ ಬಂದು ನಿಂತ.

"ಇನ್ನೂ ತೀರ್ಮಾನ ಆಗಿಲ್ಲ ಕಣವ್ವ, ಕರಿಯಕ್ಕ."

"ಮಾಡ್ಕಳಿ."

ಅವನು ಅವಳ ಕಾಲ ಹತ್ತಿರದ ಖಾಲಿ ಜಾಗ ನೋಡಿ, ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೋದ. ಸಂಜೆಯ ಹೊತ್ತಿಗೆ ಕೋಟೆಯ ದನಗಳೂ ಅಂಗಳಕ್ಕೆ ಇಳಿದವು. ವಾರ ಕಳೆಯುವಷ್ಟರಲ್ಲಿ ಅಲ್ಲಿ ನೆಲ ಮಾತ್ರ ಉಳಿಯುತ್ತದೆಂದು ಎರಡೂ ಊರಿಗೆ ಗೊತ್ತಿತ್ತು. ತಡೆಯುವುದು ಹೇಗೆಂದು ಗೊತ್ತಿರಲಿಲ್ಲ.

ಹೊತ್ತು ಮುಳುಗುವ ಮುಂಚೆ ಪರ್ವತಯ್ಯ ಬಂದ. ಸೈಕಲ್ ನಿಲ್ಲಿಸಿ, "ಕೇಸ್ ಬರೀಲಿಲ್ಲ ಕಣಮ್ಮ. ಸಾಹೇಬರು ಬೇಡ ಅಂದ್ರು" ಎಂದ. ಆಮೇಲೆ ಕೇಳಿದ: "ತೋಳ ಬಂದಿದ್ದು ಗೊತ್ತಾಯ್ತು. ತೋಳಕ್ಕೆ ಏನಾದ್ರೂ ಆಯ್ತಾ? ಸಾಹೇಬರು ತಿಳ್ಕೊಂಡು ಬಾ ಅಂದ್ರು. ಅದೂ ಕಾಯ್ದೇಲಿದೆ."

"ಬಾಯಿ ಕಟ್ಟಿದ್ದ ನಾಯಿ ಸ್ವಾಮಿ" ಎಂದಳು ಕರಿಯಕ್ಕ. "ತೋಳಕ್ಕೆ ಏನಾಯ್ತದೆ?"

ಅವನು ಜೇಬಿನಿಂದ ಪೆನ್ಸಿಲ್ ತೆಗೆದು, ಸತ್ತದ್ದು ಏನೇನು ಎಂದು ಕೇಳಿದ. ಅವಳು ಹೇಳಿದಳು.

ಮೊಲ ಐದು. ತಾಯಿಕುರಿ ಎರಡು. ಮರಿ ನಾಲ್ಕು. ನಾಯಿ ಒಂದು.